ದಿನಕ್ಕೊಂದು ಫೋಟೊ, ಮೂರಡಿ ದೂರದಿಂದ

ದಿನಕ್ಕೊಂದು ಫೋಟೊ. ಒಂದೇ ಕ್ಯಾಮೆರಾ, ಒಂದೇ ಲೆನ್ಸ್, ವರ್ಷಪೂರ್ತಿ. ಈ ಚಾಲೆಂಜ್ ತಗೊಳ್ಳೋದಾ ಬೇಡ್ವಾ ಅಂತ ಇನ್‌ಬಾಕ್ಸಿಗೆ ಬಂದು ಕೇಳ್ತಿರೋರಿಗೆಲ್ಲ ಇಲ್ಲೇ ಒಟ್ಟಿಗೆ ಹೇಳಿಬಿಡ್ತೀನಿ. ತಗೊಳ್ಳಿ. ಆದರೆ ಇದರಿಂದ ಕ್ರಿಯೇಟಿವಿಟಿ ಉಕ್ಕಿ ಹರಿಯುತ್ತೆ ಅಂತ ಯೂಟ್ಯೂಬಿನವರು ಹೇಳೋದನ್ನ ನಂಬ್ಕೊಂಡು ಹೊರಡಬೇಡಿ. ಹರಿದರೂ ಹರಿಯಬಹುದು, ನನಗಂತೂ ಹರಿಯಲಿಲ್ಲ. ನನ್ನಲ್ಲಿ ಬದಲಾಗಿದ್ದು ಬೇರೆಯದು: ಗುರುತಿಲ್ಲದವರ ಹತ್ತಿರ ಹೋಗಿ ನಿಂತು ಮಾತಾಡೋ ರೀತಿ.

ಸ್ವಲ್ಪ ಲೆಕ್ಕ ಇದೆ, ಬೇಜಾರಾದರೆ ಈ ಪ್ಯಾರಾ ಹಾರಿಸಿ. ನನ್ನದು ಸಾಧಾರಣ ಎಪಿಎಸ್-ಸಿ ಅನ್ನೋ ಅಳತೆಯ ಸೆನ್ಸರಿನ ಕ್ಯಾಮೆರಾ, ಅದಕ್ಕೊಂದು ಝೂಮ್ ಇಲ್ಲದ 35 ಎಂಎಂ ಲೆನ್ಸ್. ಈ ಎಂಎಂ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತೆ. ಕ್ಯಾಮೆರಾ ಉದ್ದುದ್ದಕ್ಕೆ ಹಿಡಿದು, ನಿಂತಿರೋ ಒಬ್ಬ ಮನುಷ್ಯನನ್ನ ತಲೆಯಿಂದ ಪಾದದವರೆಗೆ, ಮೇಲೆ ಕೆಳಗೆ ಒಂಚೂರು ಜಾಗ ಬಿಟ್ಟು ಕೂರಿಸಬೇಕು ಅಂದರೆ ನಾನು ಸುಮಾರು 10 ಅಡಿ ದೂರ ಇರಬೇಕು. ಬರೀ ತಲೆ ಭುಜ ಸಾಕು ಅಂದರೆ 3 ಅಡಿ. ಇದೇ ಕ್ಯಾಮೆರಾಗೆ 200 ಎಂಎಂ ಹಾಕಿದರೆ ಅದೇ ನಿಂತ ಮನುಷ್ಯನಿಗೆ 55 ಅಡಿ. ಅಂದರೆ ದೊಡ್ಡ ರಸ್ತೆಯ ಆ ಬದಿ. ಅಷ್ಟು ದೂರದಲ್ಲಿ ನೀವ್ಯಾರು ಅಂತ ಅವರಿಗೆ ಗೊತ್ತಾಗಲ್ಲ, ಫೋಟೊ ತೆಗೆದದ್ದೂ ಗೊತ್ತಾಗಲ್ಲ. 3 ಅಡಿಯಲ್ಲಿ ನಿಂತು ಬಾಯಿ ಬಿಡದೆ ಇರೋದಕ್ಕಾಗುತ್ತಾ?

ನಮ್ಮ ಕಡೆ ಹವ್ಯಾಸಿಗಳು ಬಹಳಷ್ಟು ಜನ ಹಕ್ಕಿಯಿಂದ ಶುರು ಮಾಡಿದವರು. ರಂಗನತಿಟ್ಟು ಕೂಗಳತೆಯಲ್ಲಿರೋ ಮೈಸೂರಲ್ಲಿ ಅದು ಸಹಜ. 150-600 ಎಂಎಂ ಝೂಮ್ ಲೆನ್ಸ್ ಹೊತ್ಕೊಂಡು ಹೆಜ್ಜಾರ್ಲೆ ಹಕ್ಕಿಯ ಫೋಟೊ ತೆಗೆಯೋರ ಮೇಲೆ ನನ್ನದೇನೂ ತಕರಾರಿಲ್ಲ, ಅದರ ಗೂಡಿನ ಹತ್ತಿರ ಹೋಗಲೂಬಾರದು. ಆದರೆ ಅದೇ ಚಾಳಿ ದೇವರಾಜ ಮಾರ್ಕೆಟ್ಟಿಗೂ ಬಂದುಬಿಟ್ಟಿದೆ. ಭಾನುವಾರ ಬೆಳಗ್ಗೆ ಫೋಟೊವಾಕ್ ಗುಂಪು ಬರುತ್ತೆ. ಕಂಬದ ಮರೆಯಲ್ಲಿ ನಿಂತು, ಹೂ ಕಟ್ಟೋ ಅಜ್ಜಿಗೆ ಗುರಿಯಿಟ್ಟು ಹತ್ತಿಪ್ಪತ್ತು ಸಲ ಕ್ಲಿಕ್ಕಿಸಿ, ಒಂದು ಮೊಳ ಹೂವೂ ತಗೊಳ್ಳದೆ ಮುಂದಕ್ಕೆ ಹೋಗುತ್ತೆ. ಕೇಳಿದರೆ ‘ಕ್ಯಾಂಡಿಡ್’ ಅಂತಾರೆ, ಅಂದರೆ ಎದುರಿನವರಿಗೆ ಗೊತ್ತಾಗದ ಹಾಗೆ ತೆಗೆದದ್ದು. ಆಮೇಲೆ ಸಾಲಾಗಿ ಕುಂಕುಮದ ರಾಶಿ. ಮೈಸೂರಲ್ಲಿ ಕ್ಯಾಮೆರಾ ಮುಟ್ಟಿದ ಪ್ರತಿಯೊಬ್ಬರ ಹತ್ತಿರವೂ ಆ ಬಣ್ಣದ ಗೋಪುರಗಳ ಫೋಟೊ ಇದೆ. ನನ್ನ ಹತ್ತಿರವೂ ಇದೆ. ಇನ್ನು ಸಾಕು ಸ್ವಾಮಿ.

ಇಲ್ಲಿ ಯಾರಾದರೂ ಕಾಮೆಂಟಲ್ಲಿ ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಕಾರ್ಟಿಯೆ-ಬ್ರೆಸೋ ಹೆಸರು ತಂದೇ ತರ್ತೀರಿ, ಗೊತ್ತು. ಹೌದು, ಆತ ಬಹುಪಾಲು ಒಂದು ಲೈಕಾ ಕ್ಯಾಮೆರಾ, 50 ಎಂಎಂ ಲೆನ್ಸಲ್ಲೇ ಕೆಲಸ ಮಾಡಿದ. ಕ್ಯಾಮೆರಾದ ಹೊಳೆಯೋ ಭಾಗ ಕಾಣಬಾರದು ಅಂತ ಕಪ್ಪು ಟೇಪ್ ಅಂಟಿಸ್ತಿದ್ದ. ಯಾರ ಕಣ್ಣಿಗೂ ಬೀಳದೆ ತೆಗೆಯೋದು ಆತನಿಗೆ ಒಲಿದಿತ್ತು. ನಮ್ಮ ಬಡಾವಣೆಯ ಅಡ್ಡರಸ್ತೆಯಲ್ಲಿ ಕ್ಯಾಮೆರಾ ಹಿಡ್ಕೊಂಡು ಕಣ್ಣಿಗೆ ಬೀಳದೆ ಇರಿ ನೋಡೋಣ. ತಿರುವು ದಾಟೋದರೊಳಗೆ ನಾಲ್ಕು ಮನೆಯವರಿಗೆ ಸುದ್ದಿ ಮುಟ್ಟಿರುತ್ತೆ.

ನಮ್ಮ ತಿರುವಿನಲ್ಲಿ ತಳ್ಳುಗಾಡಿ ಮೇಲೆ ಇಸ್ತ್ರಿ ಹಾಕೋ ಯಜಮಾನರೊಬ್ಬರಿದ್ದಾರೆ. ಇನ್ನೂ ಇದ್ದಿಲ ಪೆಟ್ಟಿಗೆಯೇ. ನಾನು ಕ್ಯಾಮೆರಾ ಎತ್ತಿದ ಕೂಡಲೇ ಬಂದ ಪ್ರಶ್ನೆ, “ಯಾವ ಪೇಪರ್ರು ಸಾರ್?”

“ಪೇಪರ್ ಅಲ್ಲ ಯಜಮಾನ್ರೇ, ಸುಮ್ನೆ ಹವ್ಯಾಸ. ದಿನಕ್ಕೊಂದು ಫೋಟೊ ತೆಗೀತೀನಿ.”

“ದಿನಾ ನಂದೇನಾ?”

ಮುಖ ಬೇಡ, ಪೆಟ್ಟಿಗೆದು ಬೇಕಾದ್ರೆ ತಕ್ಕೊಳ್ಳಿ ಅಂದರು. ಹಾಗಾಗಿ ಮೊದಲಿಗೆ ಪೆಟ್ಟಿಗೆ, ಕೈ, ಅಷ್ಟೇ. ಅವರು ಪೆಟ್ಟಿಗೆ ಎತ್ತಿ ಎರಡು ಸಲ ಅತ್ತಿತ್ತ ಬೀಸ್ತಾರೆ, ಗಾಳಿಗೆ ಒಳಗಿನ ಇದ್ದಿಲು ಕೆಂಪಗಾಗುತ್ತೆ, ಪಕ್ಕದ ತೂತುಗಳಲ್ಲಿ ಬೂದಿ ಹಾರುತ್ತೆ. ಆಮೇಲೆ ಒದ್ದೆ ಬಟ್ಟೆಯ ಮೇಲೆ ಒಮ್ಮೆ ಒತ್ತಿ ಅಡಿ ಒರೆಸಿಕೊಂಡೇ ಶರ್ಟಿಗೆ ಇಡೋದು. ಎಡಗೈ ಬೆರಳುಗಳಲ್ಲಿ ನೀರು ಚಿಮುಕಿಸಿದಾಗ 1/500 ಸೆಕೆಂಡಿನ ಶಟರ್‌ಗೆ ಹನಿಗಳು ಗಾಳಿಯಲ್ಲೇ ನಿಂತುಬಿಡ್ತವೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದನ್ನ ತೋರಿಸಿದೆ. ಹನಿ ನೋಡಲಿಲ್ಲ ಅವರು. “ಗಾಡಿ ಪೂರ್ತಿ ಬಂದಿಲ್ವಲ್ಲ ಸಾರ್?” ಅಂದರು.

ಗಾಡಿ ಪೂರ್ತಿ ಬರಬೇಕಾದರೆ ನನ್ನ 35ಕ್ಕೆ ಹನ್ನೆರಡು ಹದಿಮೂರು ಅಡಿಯಾದರೂ ಹಿಂದೆ ಸರಿಯಬೇಕು. ಸರಿದರೆ ಬೆನ್ನಿಗೆ ಎದುರು ಮನೆಯ ಕಾಂಪೌಂಡು. ಝೂಮ್ ಇದ್ದಿದ್ದರೆ ನಿಂತಲ್ಲೇ 18 ಎಂಎಂಗೆ ತಿರುಗಿಸಿ ಕೆಲಸ ಮುಗಿಸ್ತಿದ್ದೆ. ಇಲ್ಲದ್ದರಿಂದ ಆ ಮನೆಯ ಗೇಟ್ ತಟ್ಟಬೇಕಾಯಿತು. ವರ್ಷಗಟ್ಟಲೆ ಅದೇ ಬೀದಿಯಲ್ಲಿ ಓಡಾಡಿದರೂ ಅವರ ಜೊತೆ ಒಂದು ಮಾತಾಡಿದವನಲ್ಲ. “ಬನ್ನಿ, ಒಳಗಿಂದಾನೇ ತಕ್ಕೊಳ್ಳಿ. ಚಪ್ಪಲಿ ಇರ್ಲಿ ಬಿಡಿ” ಅಂದರು ಆ ಮನೆಯ ಅಮ್ಮ. ತುಳಸಿಕಟ್ಟೆ ಪಕ್ಕ ನಿಂತು, ತೆರೆದ ಗೇಟಿನ ಮೂಲಕ ಗಾಡಿ ತೆಗೆದೆ.

ಯಜಮಾನರು ಆ ದಿನ ತಮ್ಮದೇ ಬಿಳಿ ಶರ್ಟು ಇಸ್ತ್ರಿ ಮಾಡಿ ಹಾಕ್ಕೊಂಡು, ಕುತ್ತಿಗೆಯ ಗುಂಡಿಯನ್ನೂ ಹಾಕಿ, ಪಾಸ್‌ಪೋರ್ಟ್ ಫೋಟೊಗೆ ನಿಂತ ಹಾಗೆ ನೆಟ್ಟಗೆ ನಿಂತರು. ಕ್ಯಾಂಡಿಡ್ ಮಂಡಳಿ ನೋಡಿದ್ದರೆ ಫ್ರೇಮ್ ಕೆಟ್ಟಿತು ಅಂತಿದ್ದರು. ನನ್ನ ಪ್ರಕಾರ ಅದೇ ಸರಿಯಾದ ಫೋಟೊ. ತನ್ನನ್ನ ಜನ ಹೇಗೆ ನೋಡಬೇಕು ಅಂತ ಒಬ್ಬರು ಬಯಸ್ತಾರೋ ಹಾಗೆ ನಿಲ್ಲೋ ಹಕ್ಕು ಅವರಿಗಿದೆ. ಬೆವರು ಸುರಿಸ್ತಾ ಬಗ್ಗಿರೋ ‘ಶ್ರಮಜೀವಿ’ ನಮಗೆ ಬೇಕಾಗಿರೋದು, ಅವರಿಗಲ್ಲ. 4×6 ಪ್ರಿಂಟ್ ಹಾಕಿಸಿ ಕೊಟ್ಟೆ. ನಾಲ್ಕು ಟೀ ಖರ್ಚೂ ಆಗಲ್ಲ. ದಿನಕ್ಕೊಂದು ಫೋಟೊ ತೆಗೆಯೋರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ, ಮುಖ ಕೊಟ್ಟವರಿಗೆಲ್ಲ ಪ್ರಿಂಟ್ ಹಂಚಬೇಕು ಅನ್ನೋದನ್ನ ಚಾಲೆಂಜಿನ ನಿಯಮಕ್ಕೇ ಸೇರಿಸಬೇಕು ಅಂತ ನನ್ನ ವಾದ.

ಮಳೆ, ಆಫೀಸು, ಮೈಗಳ್ಳತನ ಎಲ್ಲಾ ಇದ್ದದ್ದೇ. ಅಂಥ ದಿನ ನೀರಿನ ಲೋಟದ್ದೇ ಒಂದು ಫೋಟೊ ತೆಗೆದು ಮಲಗಿ.

ದಿನಾ ಅಪ್‌ಲೋಡ್ ಮಾಡೋದನ್ನ ಮಾತ್ರ ಬಿಡಿ. ‘ಇವತ್ತು ನೆರಳು, ನಾಳೆ ಕೆಂಪು’ ಅನ್ನೋ ಥೀಮ್ ಪಟ್ಟಿಗಳನ್ನೂ ಬಿಡಿ, ಅದು ಶಾಲೆಯ ಹೋಮ್‌ವರ್ಕು. ಲೈಕ್ ಬರೋದು ಕುಂಕುಮದ ರಾಶಿಗೇ ಅಂತ ಒಂದು ವಾರದಲ್ಲಿ ಗೊತ್ತಾಗಿಬಿಡುತ್ತೆ, ಕಾಲು ತಾನಾಗೇ ಮಾರ್ಕೆಟ್ ಕಡೆ ತಿರುಗುತ್ತೆ. ಅಮೆರಿಕದ ಜೇಮೀ ಲಿವಿಂಗ್‌ಸ್ಟನ್ ಅನ್ನೋನು 1979ರ ಮಾರ್ಚ್ 31ರಿಂದ ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ದಿನಕ್ಕೊಂದು ಫೋಟೊ ತೆಗೀತಾ ಹೋದ. ಲೆನ್ಸ್ ಬದಲಿಸೋ ಮಾತೇ ಇಲ್ಲ, ಅದರಲ್ಲಿ ಬರೋದು ಒಂದೇ. ನಿಂತದ್ದು 1997ರ ಅಕ್ಟೋಬರ್ 25ಕ್ಕೆ. ಅದು ಅವನ 41ನೇ ಹುಟ್ಟುಹಬ್ಬ, ಕ್ಯಾನ್ಸರಿನಿಂದ ತೀರಿಕೊಂಡದ್ದೂ ಅದೇ ದಿನ. ಆರು ಸಾವಿರಕ್ಕೂ ಹೆಚ್ಚು ಫೋಟೊ. ಗೆಳೆಯರು, ಊಟದ ತಟ್ಟೆ, ಕೊನೆಕೊನೆಗೆ ಆಸ್ಪತ್ರೆ. ಅವನು ಓದಿದ್ದ ಬಾರ್ಡ್ ಕಾಲೇಜಿನಲ್ಲಿ ಗೆಳೆಯರು ಅದರ ಪ್ರದರ್ಶನ ಇಟ್ಟಿದ್ದು 2007ರಲ್ಲಿ. ಅಷ್ಟೂ ವರ್ಷ ಒಂದು ಲೈಕೂ ಇಲ್ಲದೆ ತೆಗೆದಿದ್ದಕ್ಕೇ ಅದರಲ್ಲಿ ಅವನ ದಿನಗಳಿವೆ, ಮೆಚ್ಚಿಸೋ ಫೋಟೊಗಳು ಕಡಿಮೆ.

ಇನ್ನು ಎಲ್ಲರೂ ಕೇಳೋ ಕೊನೇ ಪ್ರಶ್ನೆ, ಯಾವ ಕ್ಯಾಮೆರಾ ತಗೊಳ್ಳಲಿ? ಏನೂ ತಗೋಬೇಡಿ. ಮನೆಯಲ್ಲಿ ಬಿದ್ದಿರೋ ಹಳೇ ಡಿಎಸ್‌ಎಲ್‌ಆರ್ ಜೊತೆ 18-55 ಕಿಟ್ ಲೆನ್ಸ್ ಇದ್ದೇ ಇರುತ್ತೆ. ಅದನ್ನ 35ರ ಗುರುತಿಗೆ ತಿರುಗಿಸಿ ಮೇಲೊಂದು ಸುತ್ತು ಟೇಪ್ ಹಾಕಿ. ಒಂದೇ ಕೊರತೆ, ಕಿಟ್ ಲೆನ್ಸ್ ಅಲ್ಲಿ ಸುಮಾರು ಎಫ್/4.5ಕ್ಕಿಂತ ಹೆಚ್ಚು ತೆರೆಯಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಎಫ್/1.8ಕ್ಕೆ ಹೋಲಿಸಿದರೆ ಒಳಗೆ ಬರೋ ಬೆಳಕು ಆರರಲ್ಲಿ ಒಂದು ಪಾಲು. ಆಫೀಸಿಂದ ಏಳು ಗಂಟೆಗೆ ಬಂದು, ಬೀದಿ ದೀಪದಲ್ಲೇ ತೆಗೆಯೋರು ಸೆಕೆಂಡ್‌ಹ್ಯಾಂಡ್ ಎಫ್/1.8 ಲೆನ್ಸ್ ಹುಡುಕಿ. ಬೆಳಗ್ಗೆ ಹಾಲು ತರೋಕೆ ಹೋಗೋರಿಗೆ ಟೇಪೇ ಸಾಕು.