ಪೆನ್‌ಡ್ರೈವ್ ನಿಂತಿತು, ಮಕ್ಕಳೂ ನಿಂತರು

ನಿನ್ನೆ ರಾತ್ರಿ ಮಂಡ್ಯದಿಂದ ಬಂದಾಗಿನಿಂದ ಮನಸ್ಸು ಸರಿಯಿಲ್ಲ. ಬರೆದರೆ ಹಗುರಾಗಬಹುದು ಅಂತ ಕೂತಿದ್ದೇನೆ.

ತಂಗಿ ಮಗಳ ಸ್ಕೂಲ್ ಡೇ ಇತ್ತು. ಮೂರನೇ ಕ್ಲಾಸು. "ದೊಡ್ಡಮ್ಮ, ನೀನು ಬರ್ಲೇಬೇಕು" ಅಂತ ವಾರದಿಂದ ಫೋನ್. ಹೋದೆ. ಮಿಂಚುವ ಲಂಗ, ತಲೆ ತುಂಬಾ ಪಿನ್ನು. ಇಪ್ಪತ್ತು ಮಕ್ಕಳು ಒಂದು ಸಿನಿಮಾ ಹಾಡಿಗೆ ಕುಣಿಯುತ್ತಿದ್ದರು. ಅರ್ಧದಲ್ಲಿ ಹಾಡು ನಿಂತಿತು. ಪೆನ್‌ಡ್ರೈವ್ ಕೈಕೊಟ್ಟಿತ್ತಂತೆ. ಹಾಡಿನ ಜೊತೆಗೇ ಮಕ್ಕಳೂ ನಿಂತುಬಿಟ್ಟರು. ನಮ್ಮ ಹುಡುಗಿ ಕಿವಿಯ ಹತ್ತಿರ ಎತ್ತಿದ ಬಲಗೈಯನ್ನು ಇಳಿಸಲೂ ಇಲ್ಲ. ಎಲ್ಲರ ಕಣ್ಣೂ ಪರದೆ ಪಕ್ಕದ ಡ್ಯಾನ್ಸ್ ಮಾಸ್ಟರ್ ಮೇಲೆ. ಒಬ್ಬರ ಬಾಯಲ್ಲೂ ಮುಂದಿನ ಸಾಲು ಬರಲಿಲ್ಲ. ಒಬ್ಬರ ಕಾಲಲ್ಲೂ ತಾಳ ಇರಲಿಲ್ಲ.

ಕೆಳಗಿಳಿದು ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನಂಗೆ ಹಾಡು ಬರಲ್ಲ ದೊಡ್ಡಮ್ಮ, ಸ್ಟೆಪ್ ಮಾತ್ರ ಹೇಳ್ಕೊಟ್ಟಿದ್ರು."

ಆ ಮಾತು ಇನ್ನೂ ಕಿವಿಯಲ್ಲೇ ಇದೆ. ಅವಳ ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಎರಡು ಸಂಗೀತದ ಪೀರಿಯಡ್ ಇದೆ. ಎರಡೂ ಗಣಿತಕ್ಕೆ ಹೋಗುತ್ತವಂತೆ. ವರ್ಷವಿಡೀ ಒಂದು ಹಾಡಿಲ್ಲ. ಸ್ಕೂಲ್ ಡೇಗೆ ಮೂರು ವಾರ ಇದೆ ಅನ್ನುವಾಗ ಹೊರಗಿನಿಂದ ಮಾಸ್ಟರ್ ಬರುತ್ತಾರೆ, ಡ್ರೆಸ್ಸಿಗೆ ದುಡ್ಡು ಕಟ್ಟಿ ಅಂತ ಚೀಟಿ ಬರುತ್ತದೆ. ಇದು ಕಲಿಕೆನಾ?

ನಮ್ಮಪ್ಪ ನಿಮಗೆಲ್ಲ ಗೊತ್ತಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಊರಿನ ಕುರುಕ್ಷೇತ್ರ ನಾಟಕದಲ್ಲಿ ಧರ್ಮರಾಯ. ಎರಡು ಮೂರು ತಿಂಗಳು ರಾತ್ರಿ ಮಾರಮ್ಮನ ಗುಡಿ ಮುಂದೆ ತಾಲೀಮು. ಹಾರ್ಮೋನಿಯಂ ಮೇಷ್ಟ್ರು ಒಂದು ಕಂದ ಪದ್ಯವನ್ನು ಇಪ್ಪತ್ತು ಸಲ ಹೇಳಿಸುತ್ತಿದ್ದರು. ಶ್ರುತಿ ತಪ್ಪಿದರೆ ಅಲ್ಲೇ ನಿಲ್ಲಿಸುತ್ತಿದ್ದರು. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದು ಬಂದವರು ಅಷ್ಟು ಬೈಸಿಕೊಂಡೂ ಮಾರನೇ ರಾತ್ರಿ ಬರುತ್ತಿದ್ದರು. ಒಂದು ವರ್ಷ ನಾಟಕದ ಮಧ್ಯೆ ಕರೆಂಟ್ ಹೋಯಿತು. ಸೀನರಿ ಕಾಣಲ್ಲ, ಮೈಕಿಲ್ಲ. ಹಾರ್ಮೋನಿಯಂ ನಿಲ್ಲಲಿಲ್ಲ. ಅಪ್ಪ ಕತ್ತಲಲ್ಲೇ ಪದ್ಯ ಮುಗಿಸಿದರು. ಜನ "ಒನ್ಸ್ ಮೋರ್" ಅಂತ ಕೂಗಿದರು. ಕತ್ತಲಲ್ಲೇ ಇನ್ನೊಂದು ಸಲ ಹಾಡಿದರು. ನಾನು ಅಮ್ಮನ ತೊಡೆ ಮೇಲೆ ಕೂತು ಕೇಳಿದ್ದೇನೆ.

ನಿನ್ನೆ ಆ ಮಕ್ಕಳನ್ನು ನೋಡಿ ಅದೇ ನೆನಪಾಯಿತು.

"ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯಾ ಅಕ್ಕ, ಸ್ಟೇಜ್ ಭಯ ಹೋದ್ರೆ ಸಾಕಲ್ವಾ" ಅಂದಳು ತಂಗಿ. ಎಲ್ಲಿ ಹೋಯಿತು ಭಯ? ಜಾಸ್ತಿ ಆಯಿತು. ಒಳಗೆ ಏನೂ ತುಂಬದೆ ಮಗುವನ್ನು ಲೈಟ್ ಕೆಳಗೆ ನಿಲ್ಲಿಸಿದರೆ ಧೈರ್ಯ ಎಲ್ಲಿಂದ ಬರಬೇಕು? ಸಿನಿಮಾ ಹಾಡಿನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನೇ ಮಕ್ಕಳ ಬಾಯಲ್ಲಿ ಹಾಡಿಸಲಿ, ಚಪ್ಪಾಳೆ ತಟ್ಟಿ ತಾಳ ಹಾಕಿಸಲಿ. ಸಂಗೀತ ಕಲಿತರೆ ಗಣಿತ ಚೆನ್ನಾಗಿ ಬರುತ್ತೆ ಅಂತ ವಾದ ಮಾಡುವವರೂ ಇದ್ದಾರೆ. ನನಗೆ ಅದೂ ಬೇಡ. ಹಾಡು ಬರಬೇಕು, ಅಷ್ಟೇ. ಗಣಿತದ ಹೆಸರು ಹೇಳಿಯೇ ಹಾಡನ್ನು ಉಳಿಸಿಕೊಳ್ಳಬೇಕಾ?

ಈಗ ನನ್ನ ತಪ್ಪು ಹೇಳುತ್ತೇನೆ. ಹದಿನೇಳು ವರ್ಷದಿಂದ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಹಾಡಿನ ಪೀರಿಯಡ್ ಕಿತ್ತುಕೊಂಡು ಭಾಗಾಕಾರ ಮಾಡಿಸಿದ್ದೇನೆ, ಒಂದು ಸಲವಲ್ಲ. ಸಿಲೆಬಸ್ ಮುಗಿದಿಲ್ಲ ಅನ್ನುವ ಭಯ ನನಗೂ ಇತ್ತು. ಮಕ್ಕಳು "ಮಿಸ್, ಇವತ್ತು ಹಾಡು" ಅಂದಾಗ ಗದರಿಸಿದ್ದೂ ಇದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಶುರುವಾಗಿದ್ದೇ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಒಂದರಿಂದ ಮೂರನೇ ಕ್ಲಾಸಿನವರೆಗೆ ಹಾಡಿಕೊಂಡು, ಆಡಿಕೊಂಡು ಕಲಿಯುತ್ತವೆ ಮಕ್ಕಳು. ನಾಲ್ಕಕ್ಕೆ ಬಂದ ಕೂಡಲೇ ನಾವೇ ಬಾಯಿ ಮುಚ್ಚಿಸುತ್ತೇವೆ. ಮೈಸೂರಿನಲ್ಲಿ ರಂಗಾಯಣ ಅನ್ನುವ ನಾಟಕ ಸಂಸ್ಥೆ ಇದೆ, 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಶುರುವಾಗಿದ್ದು. ಅಲ್ಲಿ ಬೇಸಿಗೆಯಲ್ಲಿ ನಡೆಯುವ ಚಿಣ್ಣರ ಮೇಳ ನೋಡಿದ್ದೇನೆ. ಮಕ್ಕಳು ತಾವೇ ಹಾಡಿ, ತಾವೇ ಮುಖವಾಡ ಮಾಡಿ ನಾಟಕ ಆಡುತ್ತವೆ. ಆದರೆ ಅದು ರಜೆಯಲ್ಲಿ, ಮೈಸೂರಿಗೆ ಕರೆದುಕೊಂಡು ಹೋಗುವವರು ಇರುವ ಮಕ್ಕಳಿಗೆ. ನನ್ನ ಶಾಲೆಯ ಮಕ್ಕಳಿಗೆ?

ಸಂಗೀತದ ಮೇಷ್ಟ್ರಿಲ್ಲ, ನಿಜ. ಆದರೆ ಊರಲ್ಲಿ ಹಾಡುವವರು ಇಲ್ಲವಾ? ಕಂಸಾಳೆಯವರಿದ್ದಾರೆ, ಪೂಜಾ ಕುಣಿತದವರಿದ್ದಾರೆ. ಹೋದ ತಿಂಗಳು ಬಿಸಿಯೂಟದ ಅಡುಗೆಯ ಅಕ್ಕನ್ನ ಕ್ಲಾಸಿಗೆ ಕರೆದೆ. ಮೊದಲು ನಾಚಿದರು. ಕೈ ಒರೆಸಿಕೊಂಡು ಬಂದು ಒಂದು ಸೋಬಾನೆ ಎತ್ತಿಕೊಂಡರು. ಎರಡನೇ ಸೊಲ್ಲಿಗೇ ಮಕ್ಕಳು "ಸೋ" ಅಂತ ದನಿಗೂಡಿಸಿದರು. ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗನೇ ಎಲ್ಲರಿಗಿಂತ ಜೋರು. ಮಾರನೇ ದಿನ ಅನ್ನ ಬಡಿಸುವಾಗ ತಟ್ಟೆ ಹಿಡಿದುಕೊಂಡೇ ಕೇಳಿದ, "ಅಕ್ಕ, ಇವತ್ತು ಹಾಡಲ್ವಾ?"

ಇನ್ನು ಶುಕ್ರವಾರದ ಕೊನೇ ಪೀರಿಯಡ್ ಹಾಡಿಗೇ, ಯಾರು ಕೇಳಿದರೂ ಬಿಟ್ಟುಕೊಡಲ್ಲ. ಮದ್ದೂರಿನ ಸುತ್ತಮುತ್ತ ಕೋಲಾಟ ಕಲಿಸುವವರು ಯಾರಾದರೂ ಇದ್ದರೆ ಹೇಳಿ. ಕೋಲು ನಾನು ತಂದಿಡುತ್ತೇನೆ. ಬಸ್ ಚಾರ್ಜ್, ಮಧ್ಯಾಹ್ನದ ಊಟ ಎರಡೂ ನಮ್ಮನೆಯದು.