ಡೋರಿಸ್ ಡೇ ಸುಮ್ನೆ ನಕ್ಕೊಂಡು ನಿಂತಿರಲಿಲ್ಲ ಸ್ವಾಮೀ

ನಿನ್ನೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಳೆಯ ಹಾಡುಗಳ ಸಂಜೆ ಇತ್ತು. ಮೇಲಿನ ಮಹಡಿಯ ಹುಡುಗಿಯೊಬ್ಬಳು ಗಿಟಾರ್ ಹಿಡಿದು, ಹಳೇ ಹಾಲಿವುಡ್ಡಿನ ಗಾಯಕಿ-ನಟಿ ಡೋರಿಸ್ ಡೇ ಹಾಡಿದ್ದ 'ಕೆ ಸರಾ ಸರಾ' (ಆಗುವುದು ಆಗಲಿ ಅನ್ನುವ ಅರ್ಥದ ಹಾಡು) ಹಾಡಿದಳು. ಚೆನ್ನಾಗಿಯೇ ಹಾಡಿದಳು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರೋದು ಆಮೇಲೆ ಮೈಕ್ ಹಿಡಿದ ನಿರೂಪಕ ಮಹಾಶಯರ ಬಗ್ಗೆ. "ಡೋರಿಸ್ ಡೇ ಎಂಥ ಮುಗ್ಧೆ! ಯಾವಾಗಲೂ ನಗುನಗುತ್ತಾ, ಬಂದದ್ದು ಬರಲಿ ಅಂತ ಹಾಯಾಗಿ ಬದುಕಿದ ಪುಣ್ಯಾತ್ಗಿತ್ತಿ" ಅಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

ನನ್ನ ಹಳೇ ಹಾಲಿವುಡ್ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಮನೆಯವರು ಕೈ ಹಿಡಿದು ಕೂರಿಸಿದ್ದರಿಂದ ಸ್ಟೇಜ್ ಹತ್ತಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಹಾಯಾಗಿ ಬದುಕಿದಳಂತೆ! ಅಮೆರಿಕದ ಸಿನ್ಸಿನಾಟಿ ಊರಿನ ಈ ಹುಡುಗಿಗೆ ಡ್ಯಾನ್ಸರ್ ಆಗುವ ಆಸೆ ಇತ್ತು. 1937ರಲ್ಲಿ, ಇನ್ನೂ 15 ವರ್ಷ, ಕೂತಿದ್ದ ಕಾರಿಗೆ ರೈಲು ಬಡಿಯಿತು. ಬಲಗಾಲು ನುಚ್ಚುನೂರು. ಡ್ಯಾನ್ಸು ಅಲ್ಲಿಗೆ ಮುಗಿಯಿತು. ಹಾಸಿಗೆ ಹಿಡಿದು ಮಲಗಿದ್ದಾಗ ರೇಡಿಯೋದಲ್ಲಿ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಹಾಡುವುದನ್ನು ಕೇಳುತ್ತಾ, ಒಂದೊಂದು ಪದವನ್ನು ಆಕೆ ಹೇಗೆ ಹಿಡಿಯುತ್ತಾಳೆ, ಎಲ್ಲಿ ಬಿಡುತ್ತಾಳೆ ಅಂತ ಗಮನಿಸುತ್ತಾ ಜೊತೆಗೆ ಹಾಡಿಕೊಂಡಳು. ಆಮೇಲೆ ಗ್ರೇಸ್ ರೇನ್ ಅನ್ನುವ ಟೀಚರ್ ಹತ್ತಿರ ಪಾಠ. ಕಾಪೆಲ್‌ಹಾಫ್ ಅನ್ನುವ ಉದ್ದದ ಹೆಸರು ತೆಗೆದು 'ಡೇ' ಅಂತ ಮಾಡಿದ್ದೂ ಒಬ್ಬ ಬ್ಯಾಂಡ್ ಮಾಲೀಕನೇ.

ಆಮೇಲೆ ಲೆಸ್ ಬ್ರೌನ್ ಅನ್ನುವವನ ಬ್ಯಾಂಡಿನ ಜೊತೆ ಊರೂರು ಅಲೆತ. ಇವತ್ತು ಒಂದು ಹಾಲ್, ನಾಳೆ ಇನ್ನೊಂದು, ಮಧ್ಯೆ ಬಸ್ಸಿನಲ್ಲಿ ನಿದ್ದೆ. 1945ರಲ್ಲಿ 'ಸೆಂಟಿಮೆಂಟಲ್ ಜರ್ನಿ' ಬಂತು. ಯುದ್ಧ ಮುಗಿದು ಮನೆಗೆ ಮರಳುತ್ತಿದ್ದ ಸೈನಿಕರು ಅದನ್ನು ತಮ್ಮದೇ ಹಾಡು ಮಾಡಿಕೊಂಡರು. ಆ ಹೊತ್ತಿಗೆ ಆಕೆಯ ಮೊದಲ ಮದುವೆ ಮುರಿದಾಗಿತ್ತು. ಗಂಡ ಟ್ರಾಂಬೋನ್ ನುಡಿಸುವವನು. ಬಸುರಿ ಹೆಂಡತಿಗೆ ಹೊಡೆಯುತ್ತಿದ್ದ. ಆಕೆಯೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಮಗು ಅಜ್ಜಿಯ ಹತ್ತಿರ, ಇವಳು ಬ್ಯಾಂಡಿನ ಜೊತೆ ರಸ್ತೆಯ ಮೇಲೆ. ಇದು ಮುಗ್ಧೆಯ ಹಾಯಾದ ಬದುಕು, ಕೇಳಿ.

ನನ್ನ ಸಿಟ್ಟು ಕಷ್ಟದ ಕಥೆ ಹೇಳಲಿಲ್ಲ ಅಂತ ಅಲ್ಲ. ಕಷ್ಟ ಯಾರಿಗಿಲ್ಲ? ಕೆಲಸವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವಲ್ಲ, ಸಿಟ್ಟು ಅದಕ್ಕೆ. ನೋಡಲು ಸುಲಭ ಅನ್ನಿಸಿದರೆ ಸಾಕು, ಅದು ಕೆಲಸವೇ ಅಲ್ಲ, 'ಸ್ವಭಾವ'. ಮಾರ್ಲನ್ ಬ್ರಾಂಡೋ ಗೊಣಗಿದರೆ ನಟನೆ, ಡೋರಿಸ್ ಡೇ ನಕ್ಕರೆ ಸ್ವಭಾವ. ಯಾವ ನ್ಯಾಯ ಇದು?

'ಕೆ ಸರಾ ಸರಾ' ಇರುವ ಸಿನಿಮಾವನ್ನೇ ತೆಗೆದುಕೊಳ್ಳಿ. 1956ರ 'ದಿ ಮ್ಯಾನ್ ಹೂ ನ್ಯೂ ಟೂ ಮಚ್', ನಿರ್ದೇಶಕ ಹಿಚ್‌ಕಾಕ್‌ದು. ಮಗು ಅಪಹರಣವಾಗಿದೆ ಅಂತ ಹೇಳುವ ಮೊದಲು ಗಂಡ (ಜೇಮ್ಸ್ ಸ್ಟೂವರ್ಟ್, ಪಾತ್ರದಲ್ಲಿ ಡಾಕ್ಟರು) ಹೆಂಡತಿಗೆ ನಿದ್ದೆ ಬರಿಸುವ ಗುಳಿಗೆ ನುಂಗಿಸುತ್ತಾನೆ. ಆಮೇಲೆ ವಿಷಯ ಹೇಳುತ್ತಾನೆ. ಅಲ್ಲಿ ಆಕೆಯನ್ನು ನೋಡಿ. ಔಷಧಿ ಮೈಯನ್ನು ಕೆಳಗೆಳೆಯುತ್ತಿದೆ, ತಾಯಿ ಮಾತ್ರ ಎದ್ದು ಓಡಬೇಕು. ಎರಡೂ ಒಂದೇ ದೇಹದಲ್ಲಿ ಕಾಣಬೇಕು. ಕಾಣುತ್ತದೆ. ಮುಗ್ಧ ನಗುವಿನಿಂದ ಅದು ಬರುತ್ತದಾ?

ಹಾಡು ಕೊನೆಯಲ್ಲಿ ಬರುವ ರೀತಿ ಇನ್ನೂ ಜೋರು. ರಾಯಭಾರ ಕಚೇರಿಯಲ್ಲಿ ದೊಡ್ಡವರ ಕೂಟ. ಮಗ ಮೇಲಿನ ಯಾವುದೋ ಕೋಣೆಯಲ್ಲಿ ಬಂಧಿ. ಇವಳು ಪಿಯಾನೋ ಮುಂದೆ ಕೂತು ಅದೇ ಹಾಡನ್ನು ಗಟ್ಟಿಯಾಗಿ ಹಾಡುತ್ತಾಳೆ, ಮಗನಿಗೆ ಕೇಳಿಸಲಿ ಅಂತ. ಇಷ್ಟು ಜೋರಾಗಿ ಯಾಕೆ ಹಾಡುತ್ತಿದ್ದಾಳೆ ಅಂತ ಅತಿಥಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಡು ಹಾಡಿನ ಹಾಗೇ ಇರಬೇಕು, ಒಳಗಿಂದ ಕೂಗೂ ಕೇಳಬೇಕು. ನಿಜವಾದ ಗಾಯಕಿಗೆ ಒರಟಾಗಿ ಹಾಡುವುದೇ ಕಷ್ಟ. ಯಾವ ಸ್ವರವನ್ನು ಎಷ್ಟು ಒರಟು ಮಾಡಬೇಕು ಅಂತ ಗೊತ್ತಿರಬೇಕಲ್ಲ. ಮೇಲಿನಿಂದ ಮಗನ ಸಿಳ್ಳೆ ಕೇಳಿದಾಗ ಆಕೆಯ ಮುಖ ನೋಡಿ, ಆಮೇಲೆ ಬಂದು ನನ್ನ ಹತ್ತಿರ ಮಾತಾಡಿ.

ಈ ಹಾಡು ಆಕೆಗೆ ಇಷ್ಟವೇ ಇರಲಿಲ್ಲ, ಗೊತ್ತಾ? ಮಕ್ಕಳ ಹಾಡಿನ ಹಾಗಿದೆ ಅಂದುಕೊಂಡಿದ್ದಳು. ಆಸ್ಕರ್ ಬಂತು, ಹಾಡು ಬರೆದ ಲಿವಿಂಗ್‌ಸ್ಟನ್ ಮತ್ತು ಇವಾನ್ಸ್‌ಗೆ. ನಮ್ಮ ಕಡೆಗೂ ಬಂತು, ಭಾನುಮತಿಯಂಥ ಭಾನುಮತಿ ತೆಲುಗು ಸಿನಿಮಾದಲ್ಲಿ ಹಾಡಿದರು. ಡೋರಿಸ್‌ಗೆ ಸಿಕ್ಕಿದ್ದು ಜೀವನಪೂರ್ತಿ ಅದೊಂದೇ ಹಾಡಿನ ಪಟ್ಟ. ಚಿತ್ರೀಕರಣದ ಕಾಲದಲ್ಲಿ ಹಿಚ್‌ಕಾಕ್ ಏನೂ ಹೇಳುತ್ತಿರಲಿಲ್ಲವಂತೆ. ತನ್ನ ಕೆಲಸ ಇಷ್ಟವಾಗಿಲ್ಲ ಅಂತ ಕಂಗಾಲಾಗಿ ಹೋಗಿ ಕೇಳಿಯೇಬಿಟ್ಟಳು. ತಪ್ಪು ಮಾಡಿದ್ದರೆ ಹೇಳುತ್ತಿದ್ದೆ ಅನ್ನೋ ಅರ್ಥದ ಉತ್ತರ ಬಂತಂತೆ. ಮೆಚ್ಚುಗೆಯನ್ನೂ ಬಾಯಿ ಬಿಟ್ಟು ಕೇಳಿ ಪಡೆಯಬೇಕು. ಈ ಅನುಭವ ನನಗೂ ಇದೆ. ಆಫೀಸಿನಲ್ಲಿ "ನೀನು ಬಿಡು, ನಗ್ತಾ ನಗ್ತಾ ಮಾಡಿಬಿಡ್ತೀಯ" ಅಂತ ಎಷ್ಟು ಫೈಲು ನನ್ನ ಮೇಜಿಗೆ ಬಂದಿದೆಯೋ. ನಗದವರ ಕೆಲಸಕ್ಕೆ ಬಡ್ತಿ, ನಗುವವರ ಕೆಲಸಕ್ಕೆ ಇನ್ನೊಂದು ಫೈಲು. ಇರಲಿ, ಈ ಬರಹ ನನ್ನ ಬಗ್ಗೆ ಅಲ್ಲ. ಅಥವಾ ಸ್ವಲ್ಪ ನನ್ನ ಬಗ್ಗೆಯೂ ಇರಬಹುದು.

ಇನ್ನು ಆ 'ಮುಗ್ಧೆ' ಅನ್ನುವ ಮಾತು. ಆಸ್ಕರ್ ಲೆವಾಂಟ್ ಅಂತ ಒಬ್ಬ ಪಿಯಾನೋ ವಾದಕ, ಭಾರಿ ನಾಲಗೆಯವನು. 1948ರಲ್ಲಿ ಆಕೆಯ ಮೊದಲ ಸಿನಿಮಾದಲ್ಲೇ ಜೊತೆಗೆ ನಟಿಸಿದ್ದವನು. ಡೋರಿಸ್ ಡೇ ಕನ್ಯೆಯಾಗುವುದಕ್ಕೂ ಮುಂಚಿನಿಂದ ನನಗೆ ಪರಿಚಯ ಅಂತ ಜೋಕ್ ಹೊಡೆದ. ಜೋಕ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಜೋಕೇ ಇತಿಹಾಸವಾಗಿ ಕೂತುಬಿಟ್ಟಿತು. 'ಪಿಲ್ಲೋ ಟಾಕ್' (1959) ನೋಡಿದ್ದೀರಾ? ಅದರಲ್ಲಿ ಆಕೆ ಒಬ್ಬಳೇ ಫ್ಲ್ಯಾಟ್ ಮಾಡಿಕೊಂಡು, ಮನೆಗಳ ಒಳಾಂಗಣ ವಿನ್ಯಾಸ ಮಾಡಿ ದುಡಿಯುವ ಹೆಂಗಸು. ಒಂದೇ ಟೆಲಿಫೋನ್ ಲೈನನ್ನು ಹಂಚಿಕೊಂಡ ನಾಯಕ ರಾಕ್ ಹಡ್ಸನ್ ಇಡೀ ದಿನ ಹುಡುಗಿಯರಿಗೆ ಹಾಡು ಹೇಳುತ್ತಾ ಲೈನ್ ಹಿಡಿದಿರುತ್ತಾನೆ, ಇವಳಿಗೆ ಕೆಲಸದ ಫೋನ್ ಮಾಡಲು ಆಗುವುದಿಲ್ಲ. ಕೆಲಸಕ್ಕೆ ಅಡ್ಡಿ ಬಂದಿದ್ದಕ್ಕೇ ಜಗಳ ಶುರು. ಇದನ್ನು ನೋಡಿ 'ಮುಗ್ಧೆ' ಅಂದವರು ಯಾವ ಕಣ್ಣಲ್ಲಿ ನೋಡಿದರೋ. ಜೀವನದಲ್ಲಿ ಆಕೆಗೆ ಸಿಕ್ಕ ಒಂದೇ ಆಸ್ಕರ್ ನಾಮನಿರ್ದೇಶನ ಇದಕ್ಕೆ.

ಅದಕ್ಕೆ ಮುಂಚೆ 1955ರಲ್ಲಿ 'ಲವ್ ಮಿ ಆರ್ ಲೀವ್ ಮಿ'. ರೂತ್ ಎಟಿಂಗ್ ಅನ್ನುವ ನಿಜವಾದ ಗಾಯಕಿಯ ಕಥೆ, ಆಕೆಯನ್ನು ಮೇಲೆ ತಂದು ಆಮೇಲೆ ಹಿಂಡಿ ಹಿಪ್ಪೆ ಮಾಡುವ ರೌಡಿ ಗಂಡನಾಗಿ ಜೇಮ್ಸ್ ಕ್ಯಾಗ್ನಿ. ಕ್ಯಾಗ್ನಿಗೆ ನಾಮನಿರ್ದೇಶನ ಬಂತು, ಆಕೆಗೆ ಇಲ್ಲ. ಅವನು ಕಿರುಚುತ್ತಾನಲ್ಲ, ಅದು ಕಾಣುತ್ತದೆ. ಕಿರುಚಾಟವನ್ನು ಇಡೀ ಸಿನಿಮಾ ನುಂಗಿಕೊಂಡು ನಿಲ್ಲುವವಳದ್ದು ಯಾರಿಗೆ ಕಾಣಬೇಕು?

"ಆದರೆ ಆಕೆಯದು ಹುಟ್ಟುಪ್ರತಿಭೆ ಕಣ್ರೀ, 'ಸೀಕ್ರೆಟ್ ಲವ್' ಹಾಡನ್ನು ಒಂದೇ ಟೇಕಿನಲ್ಲಿ ಮುಗಿಸಿದಳಂತೆ" ಅಂತ ಯಾರಾದರೂ ಬರುತ್ತೀರಿ, ಗೊತ್ತು. ಹೌದು, ಹಾಗೇ ಹೇಳುತ್ತಾರೆ. ಬ್ಯಾಂಡಿನ ಜೊತೆ ವರ್ಷಗಟ್ಟಲೆ ರಾತ್ರಿ ರಾತ್ರಿ ಹಾಡಿದವಳು 1953ರಲ್ಲಿ ಒಂದು ಟೇಕಿನಲ್ಲಿ ಮುಗಿಸಿದರೆ ಅದು ಹುಟ್ಟಿನಿಂದ ಬಂದಿದ್ದಾ? ಇನ್ನು ಕೊನೆಕೊನೆಯ ಸಿನಿಮಾಗಳು ಪೊಳ್ಳು ಅನ್ನುತ್ತೀರಿ. ಪೊಳ್ಳೇ. ಅವುಗಳಲ್ಲಿ ಎಷ್ಟಕ್ಕೋ ಆಕೆಯ ಪರವಾಗಿ ಸಹಿ ಹಾಕಿ ಒಪ್ಪಿಕೊಂಡಿದ್ದು ಆಗಿನ ಗಂಡ ಮಾರ್ಟಿ ಮೆಲ್ಚರ್. 1960, 62, 63, 64, ಈ ನಾಲ್ಕು ವರ್ಷ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಆಕೆಯೇ ನಂಬರ್ ಒನ್, ಗಂಡಸರನ್ನೂ ಸೇರಿಸಿ.

ಆ ದುಡ್ಡೆಲ್ಲ ಎಲ್ಲಿ ಹೋಯಿತು ಅನ್ನೋದು 1968ರಲ್ಲಿ ಮೆಲ್ಚರ್ ತೀರಿಕೊಂಡ ಮೇಲೆ ಗೊತ್ತಾಯಿತು. ಆತ ಮತ್ತು ವಕೀಲ ಜೆರೋಮ್ ರೋಸೆಂಥಾಲ್ ಕೈಯಲ್ಲಿ ಎಲ್ಲವೂ ಕರಗಿ, ಮೇಲೆ ಸಾಲ ಬೇರೆ. ಆಕೆಗೆ ಗೊತ್ತಿಲ್ಲದೆಯೇ ಒಂದು ಟಿವಿ ಸರಣಿಗೂ ಒಪ್ಪಿಸಿ ಹೋಗಿದ್ದ. ಬೇಡ ಅನ್ನಬಹುದಿತ್ತು. ಹೋಗಿ 1973ರವರೆಗೆ ದುಡಿದಳು, ಕ್ಯಾಮೆರಾ ಮುಂದೆ ಅದೇ ನಗು ಇಟ್ಟುಕೊಂಡು. ಜೊತೆಗೆ ವಕೀಲನ ಮೇಲೆ ಕೇಸ್ ಹಾಕಿ, 1974ರಲ್ಲಿ ಗೆದ್ದಳು. ಕೋರ್ಟ್ ಹೇಳಿದ್ದು ಸುಮಾರು 2.28 ಕೋಟಿ ಡಾಲರ್. ಕೊನೆಗೆ ಕೈಗೆ ಬಂದಿದ್ದು ಅದಕ್ಕಿಂತ ತುಂಬಾ ಕಡಿಮೆ, ಅದು ಬೇರೆ ಕಥೆ. ಬಂದದ್ದು ಬರಲಿ ಅಂತ ಕೂತವಳಂತೆ! ನಿರೂಪಕರೇ, ಕೇಳಿಸುತ್ತಿದೆಯಾ?

ಆಮೇಲೆ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ನಾಯಿ ಬೆಕ್ಕುಗಳ ಜೊತೆ ಇದ್ದುಬಿಟ್ಟಳು, ಪ್ರಾಣಿಗಳಿಗಾಗಿ ಸಂಸ್ಥೆ ಕಟ್ಟಿದಳು. ಅದೂ ಮುದುಕಿಯ ಹವ್ಯಾಸ ಅಲ್ಲ. 1955ರಲ್ಲೇ ಮೊರಾಕ್ಕೋದ ಮರ‍್ರಾಕೇಶ್‌ನಲ್ಲಿ ಅದೇ ಹಿಚ್‌ಕಾಕ್ ಸಿನಿಮಾದ ಶೂಟಿಂಗಿಗೆ ತಂದ ಪ್ರಾಣಿಗಳು ಸೊರಗಿರುವುದನ್ನು ಕಂಡು, ಅವಕ್ಕೆ ಸರಿಯಾಗಿ ಮೇವು ಹಾಕುವವರೆಗೆ ಕೆಲಸ ಮಾಡಲ್ಲ ಅಂತ ಹಟ ಹಿಡಿದಿದ್ದವಳು. 2019ರಲ್ಲಿ 97ನೇ ವಯಸ್ಸಿಗೆ ತೀರಿಕೊಂಡಳು. ಸಭೆ ಬೇಡ, ಸಮಾಧಿ ಕಲ್ಲೂ ಬೇಡ ಅಂದಿದ್ದಳು. ಗೌರವ ಆಸ್ಕರ್ ಕೊಡುತ್ತೇವೆ ಅಂತ ಅಕಾಡೆಮಿ ಹಲವು ಸಲ ಕೇಳಿದರೂ ಆಕೆಯೇ ಬೇಡ ಅಂದಳಂತೆ.

ಮುಂದಿನ ತಿಂಗಳೂ ಹಾಡುಗಳ ಸಂಜೆ ಇದೆಯಂತೆ. ಕಮಿಟಿಯವರಿಗೆ ಮೆಸೇಜ್ ಹಾಕಿದ್ದೇನೆ, ನಿರೂಪಣೆ ನಾನೇ ಮಾಡುತ್ತೇನೆ ಅಂತ. ಇನ್ನೂ ಉತ್ತರ ಬಂದಿಲ್ಲ. ಇಲ್ಲಿ ವಾದ ಮಾಡುವವರು ದಯವಿಟ್ಟು ಮೊದಲು 'ಲವ್ ಮಿ ಆರ್ ಲೀವ್ ಮಿ' ನೋಡಿಕೊಂಡು ಬನ್ನಿ. ನೋಡದೆ ಬರೆದ ಕಾಮೆಂಟುಗಳಿಗೆ ನಾನು ಉತ್ತರ ಕೊಡಲ್ಲ, ಬೇಕಾದರೆ ಒಂದು ನಗುವ ಇಮೋಜಿ ಹಾಕುತ್ತೇನೆ.