ಹಾರ್ಮೋನಿಕ್ಸ್ ನಿಮ್ಮ ಯೂನಿಟ್ ತಿನ್ನುತ್ತಿದೆಯಾ?

"ಚಾರ್ಜರ್, ಎಲ್‌ಇಡಿ ಬಲ್ಬುಗಳ ಹಾರ್ಮೋನಿಕ್ಸ್‌ನಿಂದ ಬಿಲ್ ಏರುತ್ತೆ, ಈ ಪುಟ್ಟ ಡಬ್ಬಿ ಸಾಕೆಟ್‌ಗೆ ಹಾಕಿದರೆ ಅರ್ಧಕ್ಕಿಳಿಯುತ್ತೆ" ಅನ್ನೋ ಮೆಸೇಜು ಆಗಾಗ ಬರುತ್ತಿರುತ್ತದೆ. ಅದು ನಿಜವಲ್ಲ.

ಹಾರ್ಮೋನಿಕ್ಸ್ ಅನ್ನೋದು ಸುಳ್ಳಲ್ಲ. ಚಾರ್ಜರ್ ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಹಾಗಾಗಿ ಮಾಮೂಲಿ 50 ಹರ್ಟ್ಸ್ (ಸೆಕೆಂಡಿಗೆ 50 ಆವರ್ತ) ಕರೆಂಟಿನ ಜೊತೆ ಅದರ ಮೂರು ಪಟ್ಟು, ಐದು ಪಟ್ಟಿನ 150, 250 ಹರ್ಟ್ಸ್ ಕರೆಂಟೂ ಹರಿಯುತ್ತದೆ. ಇವೇ ಹಾರ್ಮೋನಿಕ್ಸ್. 150ರದ್ದು ತುಂಟ. ಮೂರು ಫೇಸ್‌ಗಳಿಂದ ಬಂದು, ಕರೆಂಟ್ ಹಿಂದಿರುಗುವ ನ್ಯೂಟ್ರಲ್ ತಂತಿಯಲ್ಲಿ ಒಂದಕ್ಕೊಂದು ಕಳೆಯದೆ ಕೂಡಿಕೊಳ್ಳುತ್ತದೆ. ತಂತಿ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತವೆ. ಐಇಸಿ 61000-3-2 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಮಿತಿ ಹಾಕಿರುವುದು ಇದಕ್ಕೇ. ನಿಮ್ಮ ಬಿಲ್ಲಿಗಾಗಿ ಅಲ್ಲ. ದೀಪಗಳನ್ನು ಬಿಟ್ಟರೆ 75 ವ್ಯಾಟ್‌ವರೆಗಿನ ಉಪಕರಣಗಳಿಗೆ ಅದರಲ್ಲಿ ಮಿತಿಯೇ ಇಲ್ಲ. ಚಿಕ್ಕವೇ ಸಾವಿರಾರು ಸೇರಿದರೆ ಏನು ಗತಿ ಅಂತ ಕೆಲವರು, ಹಾರ್ಮೋನಿಕ್ಸ್ ತಡೆಯುವ ಫಿಲ್ಟರ್ ಹಾಕಿದರೆ ಉಪಕರಣದ ಬೆಲೆ ಏರುತ್ತೆ ಅಂತ ಇನ್ನು ಕೆಲವರು. ಆ ವಾದದಲ್ಲಿ ಎರಡೂ ಕಡೆ ಹುರುಳಿದೆ.

ಮನೆ ಮೀಟರ್ ಸಾಮಾನ್ಯವಾಗಿ ಎಣಿಸುವುದು ನಿಜವಾಗಿ ಖರ್ಚಾದ ಶಕ್ತಿಯನ್ನು, ಅಂದರೆ ಕಿಲೋವ್ಯಾಟ್-ಅವರ್ (ಯೂನಿಟ್). ಹಾರ್ಮೋನಿಕ್ಸ್ ಕರೆಂಟು ಆ ಲೆಕ್ಕವನ್ನು ಹೆಚ್ಚೇನೂ ಏರಿಸುವುದಿಲ್ಲ. ಡಬ್ಬಿ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಒಂದು ಕೆಪಾಸಿಟರ್ (ವಿದ್ಯುತ್ತನ್ನು ಚೂರು ಹೊತ್ತು ಹಿಡಿದಿಡುವ ಬಿಡಿಭಾಗ), ಒಂದು ಮಿಣಿ ದೀಪ. ಅದು ಹಾರ್ಮೋನಿಕ್ಸ್ ಫಿಲ್ಟರೇ ಅಲ್ಲ.

ನೀವೇ ನೋಡಬಹುದು. ಮೀಟರ್ ಮೇಲೆ 3200 ಇಂಪಲ್ಸ್ ಅಂತಿದ್ದರೆ, ಮೀಟರಿನ ಪುಟ್ಟ ದೀಪ 3200 ಸಲ ಮಿನುಗಿದಾಗ 1 ಯೂನಿಟ್. ಬೇರೆಲ್ಲ ಆಫ್ ಮಾಡಿ, 1000 ವ್ಯಾಟ್ ಹೀಟರ್ 5 ನಿಮಿಷ ಓಡಿಸಿ. ಸುಮಾರು 267 ಮಿನುಗು ಬರಬೇಕು. ವೋಲ್ಟೇಜ್ ಏರಿಳಿತಕ್ಕೆ ತುಸು ವ್ಯತ್ಯಾಸ ಇರುತ್ತೆ. ಡಬ್ಬಿ ಹಾಕಿ ಮತ್ತೆ ಎಣಿಸಿ. ಫ್ಯಾನಿನ ಜೊತೆಗೂ ಮಾಡಿ ನೋಡಿ, ಎಣಿಕೆ ಅರ್ಧಕ್ಕಿಳಿಯುವುದಿಲ್ಲ.